ನೀರಿನ ಸರದಿ, ಮನೆಯ ಚಾವಿ

ಪೋರ್ಚುಗಲ್ಲಿಗೆ ಸೇರಿದ ಮದೇರಾ ದ್ವೀಪಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಅಟ್ಲಾಂಟಿಕ್ ಕಡಲಿನ ಬಣ್ಣ ಹೊಗಳುತ್ತಾರೆ, ಇಲ್ಲವೇ ಮೋಡದ ಮೇಲೆ ತಲೆ ಎತ್ತಿ ನಿಂತ ಪೀಕು ರುಯಿವು ಶಿಖರದ ಮಾತು ತೆಗೆಯುತ್ತಾರೆ. ಊರಿಗೆ ಮರಳಿ ಬಹಳ ದಿನವಾದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಅವೆರಡೂ ಅಲ್ಲ. ಬಾಳೆತೋಟದ ಅಂಚಿಗೆ ಹರಿಯುವ ಮೊಳದಗಲದ ಕಾಲುವೆ ಒಂದು. ಹತ್ತು ಹನ್ನೆರಡು ಮಂದಿ ಸೇರಿ ಇರುವ ಬಾಡಿಗೆ ಮನೆಯ ಫ್ರಿಜ್ಜು ಇನ್ನೊಂದು. ಕಾಲುವೆಯನ್ನು ಊರಿನವರು ತಲೆತಲಾಂತರದಿಂದ ಹಂಚಿಕೊಂಡು ಬಂದಿದ್ದಾರೆ. ಫ್ರಿಜ್ಜನ್ನು ಹೊರಗಿನಿಂದ ಬಂದವರು ತಿಂಗಳ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಎರಡಕ್ಕೂ ನಾವು ಬಳಸುವ ಮಾತು ಒಂದೇ. ಆ ಮಾತಿಗೆ ಎರಡೂ ಕಡೆ ಒಂದೇ ಅರ್ಥವಿದೆಯೇ ಎಂಬುದು ನನ್ನ ಪ್ರಶ್ನೆ. ಲ್ಯಾಪ್‌ಟಾಪ್ ಇದ್ದರೆ ಎಲ್ಲಿ ಬೇಕಾದರೂ ಕೂತು ದುಡಿಯಬಹುದು ಎನ್ನುವ ಕಾಲ ಬಂದಿದೆ. ಹಾಗೆ ದುಡಿಯುವವರಿಗೆಂದೇ ‘ಕೋಲಿವಿಂಗ್’ ಹೆಸರಿನ ಮನೆಗಳು ಲಿಸ್ಬನ್, ಬಾಲಿ, ಗೋವಾ, ನಮ್ಮ ಬೆಂಗಳೂರು ಎಲ್ಲ ಕಡೆ ಎದ್ದಿವೆ. ಅಲ್ಲಿ ಜನ ಕೂಡಿ ಬಾಳುತ್ತಾರೋ, ಅಕ್ಕಪಕ್ಕದ ಕೋಣೆಗಳಲ್ಲಿ ಉಳಿದು ಹೋಗುತ್ತಾರೋ ಎಂಬುದನ್ನು ಒರೆಗೆ ಹಚ್ಚಿ ನೋಡಲು ಮದೇರಾದಲ್ಲಿ ಕಾಲುವೆಯೂ ಫ್ರಿಜ್ಜೂ ಹತ್ತಿರ ಹತ್ತಿರವೇ ಇವೆ.

ವಿಮಾನ ಇಳಿಯುವಾಗಲೇ ದ್ವೀಪದ ಇಕ್ಕಟ್ಟು ಗೊತ್ತಾಗುತ್ತದೆ. ಸಮತಟ್ಟು ನೆಲ ಸಾಲದೆ ರನ್‌ವೇಯ ಒಂದು ಭಾಗವನ್ನು ಕಡಲಂಚಿನಲ್ಲಿ ಕಾಂಕ್ರೀಟ್ ಕಂಬಗಳ ಮೇಲೆ ಹಾಸಿದ್ದಾರೆ. ಅಲ್ಲಿಂದ ಪಶ್ಚಿಮಕ್ಕೆ, ರಾಜಧಾನಿ ಫುಂಶಾಲ್ ದಾಟಿ, ಸುರಂಗದ ಹಿಂದೆ ಸುರಂಗ ಹಾಯ್ದರೆ ಪೊಂಟಾ ದು ಸೊಲ್ ಸಿಗುತ್ತದೆ. ‘ಬಿಸಿಲಿನ ಚಾಚು’ ಎಂದು ಆ ಹೆಸರನ್ನು ಕನ್ನಡಕ್ಕೆ ತರಬಹುದು. ಎರಡು ಕಡಿದಾದ ಗುಡ್ಡಗಳ ನಡುವಿನ ಕಣಿವೆ ಕಡಲಿಗೆ ಬಾಯಿ ತೆರೆಯುವಲ್ಲಿ ಒಂದು ಚರ್ಚು, ನಾಲ್ಕಾರು ಬೀದಿ, ಉರುಟು ಕಲ್ಲುಗಳ ದಡ. ಅಲೆ ಹಿಂದೆ ಸರಿಯುವಾಗ ಆ ಕಲ್ಲುಗಳು ಒಂದರ ಮೇಲೊಂದು ಉರುಳಿ ರಾತ್ರಿಯಿಡೀ ಸದ್ದು ಮಾಡುತ್ತವೆ. ಗುಡ್ಡದ ಮೈತುಂಬ ಕಲ್ಲು ಕಟ್ಟಿ ಎತ್ತಿದ ಮೆಟ್ಟಿಲು ಮೆಟ್ಟಿಲು ಪಟ್ಟೆಗಳು, ಅವುಗಳಲ್ಲಿ ಬಾಳೆ. ತಳಿ ನಮ್ಮ ಪಚ್ಚಬಾಳೆಯದೇ ಬಳಗ; ಕಾಯಿ ಮಾತ್ರ ಸಣ್ಣದು, ಸಿಹಿ ಜಾಸ್ತಿ. ಶಿರಸಿ, ಸಿದ್ದಾಪುರದ ಕಡೆಯ ಕಣಿವೆ ತೋಟಗಳನ್ನು ಕಂಡವರಿಗೆ ಈ ನೋಟ ಪರಕೀಯ ಅನ್ನಿಸುವುದಿಲ್ಲ. ಅದೇ ಇಳಿಜಾರು, ಅದೇ ಹಸಿರು, ಎಲ್ಲಿಂದಲೋ ಕೇಳಿಬರುವ ಅದೇ ನೀರಿನ ಸದ್ದು. ಅಡಿಕೆ ಮರದ ಜಾಗದಲ್ಲಿ ಇಲ್ಲಿ ಎದುರಿಗೆ ಸಾಗರವಿದೆ.

ಈ ಸಣ್ಣ ಊರಿಗೂ ದೂರದ ದುಡಿಮೆಗೂ ನಂಟು ಬೆಳೆದದ್ದು ಕೋವಿಡ್ ಕಾಲದಲ್ಲಿ. ಪ್ರವಾಸಿಗರನ್ನು ನಂಬಿದ್ದ ದ್ವೀಪಕ್ಕೆ ಪ್ರವಾಸಿಗರೇ ಬಾರದಾದಾಗ, 2021ರ ಫೆಬ್ರವರಿಯಲ್ಲಿ, ಮದೇರಾದ ಪ್ರಾದೇಶಿಕ ಸರ್ಕಾರ ‘ಸ್ಟಾರ್ಟಪ್ ಮದೇರಾ’ ಸಂಸ್ಥೆಯ ಮೂಲಕ ಇಲ್ಲಿ ‘ಡಿಜಿಟಲ್ ನೋಮ್ಯಾಡ್ ಗ್ರಾಮ’ ಶುರುಮಾಡಿತು. ಯೋಜನೆ ಗೊನ್ಸಾಲು ಹಾಲ್ ಎಂಬ ಪೋರ್ಚುಗೀಸರದು. ಊರಿನ ಸಾಂಸ್ಕೃತಿಕ ಕೇಂದ್ರದಲ್ಲಿ ಬಂದವರಿಗೆ ಮೇಜು, ಕುರ್ಚಿ, ವೈಫೈ ಪುಕ್ಕಟೆ ಸಿಕ್ಕಿತು. ಸುತ್ತಲಿನ ಮನೆಗಳು ಕೋಣೆ ಕೋಣೆಯಾಗಿ ಬಾಡಿಗೆಗೆ ತೆರೆದುಕೊಂಡವು. ಆ ಕೇಂದ್ರಕ್ಕಿರುವ ಹೆಸರು ಜಾನ್ ಡಾಸ್ ಪಾಸೋಸ್ ಅವರದು. ಇಪ್ಪತ್ತನೆಯ ಶತಮಾನದ ಈ ಅಮೆರಿಕನ್ ಕಾದಂಬರಿಕಾರರ ಅಜ್ಜ ಪೊಂಟಾ ದು ಸೊಲ್‌ನಿಂದ ಅಮೆರಿಕಕ್ಕೆ ವಲಸೆ ಹೋದವರು. ಒಬ್ಬ ವಲಸಿಗನ ಮೊಮ್ಮಗನ ಹೆಸರಿನ ಕಟ್ಟಡದಲ್ಲಿ ಈಗ ಎದುರು ದಿಕ್ಕಿನಿಂದ ಬಂದ ಹೊಸ ಬಗೆಯ ವಲಸಿಗರು ಕೂತಿದ್ದಾರೆ. ಈ ಎರಡು ವಲಸೆಗಳ ನಡುವಿನ ಅಂತರಕ್ಕೆ ಮತ್ತೆ ಬರುತ್ತೇನೆ.

ಇಂಥವರು ಕೂಡಿರುವ ಮನೆಯಲ್ಲಿ ಎಲ್ಲರಿಗೂ ಬೆಳಗು ಒಂದೇ ಹೊತ್ತಿಗೆ ಆಗುವುದಿಲ್ಲ. ಚಳಿಗಾಲದಲ್ಲಿ ಮದೇರಾ ಬೆಂಗಳೂರಿಗಿಂತ ಐದೂವರೆ ಗಂಟೆ ಹಿಂದೆ. ಬೆಂಗಳೂರಿನ ಕಚೇರಿಗೆ ದುಡಿಯುವವರು ಒಂಬತ್ತೂವರೆಯ ಮೀಟಿಂಗಿಗೆ ನಸುಕಿನ ನಾಲ್ಕಕ್ಕೆ ಎದ್ದು ಕೂರಬೇಕು. ಬರ್ಲಿನ್ನಿನ ಕೆಲಸ ಎಂಟಕ್ಕೆ ಶುರು, ನ್ಯೂಯಾರ್ಕಿನದು ಮಧ್ಯಾಹ್ನ ಎರಡಕ್ಕೆ. ಒಬ್ಬರು ಬೆಳಗಿನ ಕಾಫಿಗೆ ನೀರಿಡುವಾಗ ಪಕ್ಕದ ಒಲೆಯ ಮೇಲೆ ಇನ್ನೊಬ್ಬರ ಮಧ್ಯಾಹ್ನದ ಅನ್ನ ಕುದಿಯುತ್ತಿರುತ್ತದೆ. ಹಜಾರದ ಉದ್ದ ಮೇಜಿನ ಸುತ್ತ ಆರೇಳು ಜನ, ಕಿವಿಗೆ ಆರೇಳು ಹೆಡ್‌ಫೋನು. ಎದುರು ಕೂತವರ ಮುಖ ಎರಡಡಿ ದೂರದಲ್ಲಿದ್ದರೂ ಆಡುವ ಮಾತು ಸಾವಿರಾರು ಮೈಲಿ ಆಚೆಯವರ ಜೊತೆಗೆ. ಇದನ್ನು ತಪ್ಪೆಂದು ಹೇಳುತ್ತಿಲ್ಲ, ಕೆಲಸಕ್ಕೆ ಏಕಾಗ್ರತೆ ಬೇಕು. ಆದರೆ ಕೋಲಿವಿಂಗ್ ಮನೆಗಳ ಜಾಹೀರಾತಿನಲ್ಲಿ ಮೊದಲು ಕಾಣುವುದು ಈ ಮೇಜು, ಈ ವೇಗದ ವೈಫೈ. ಅವು ಬೇಕಾದಷ್ಟು ಇರುವುದರಿಂದಲೇ ಅಲ್ಲಿ ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಒಬ್ಬರು ಬಳಸಿದ ಮಾತ್ರಕ್ಕೆ ಇನ್ನೊಬ್ಬರಿಗೆ ಕಡಿಮೆಯಾಗದ ವಸ್ತುವಿಗೆ ಸರದಿ ಬೇಕಿಲ್ಲ. ಸರದಿ ಬೇಕಿಲ್ಲವಾದ್ದರಿಂದ ಹೊಂದಾಣಿಕೆಯೂ ಬೇಕಿಲ್ಲ, ಜಗಳವೂ ಇಲ್ಲ, ರಾಜಿಯೂ ಇಲ್ಲ. ಮೂರು ತಿಂಗಳು ಒಂದೇ ಮೇಜಿಗೆ ಕೂತವರು ಒಬ್ಬರ ಹೆಸರು ಒಬ್ಬರಿಗೆ ತಿಳಿಯದೆ ಎದ್ದುಹೋಗಬಹುದು.

ಅಡುಗೆಮನೆಯಲ್ಲಿ ಹಾಗೆ ಆಗುವುದಿಲ್ಲ. ಹನ್ನೆರಡು ಜನಕ್ಕೆ ನಾಲ್ಕು ಒಲೆ, ಒಂದು ಸಿಂಕು, ಒಂದು ಫ್ರಿಜ್ಜು. ಸಂಜೆ ಏಳರ ಹೊತ್ತಿಗೆ ನಾಲ್ಕು ಒಲೆಗೆ ಆರು ಪಾತ್ರೆ ಕಾಯುತ್ತಿರುತ್ತವೆ. ‘ನಿಮ್ಮದು ಎಷ್ಟು ಹೊತ್ತು?’ ಎಂದು ಒಬ್ಬರು ಕೇಳಲೇಬೇಕು, ‘ಹತ್ತು ನಿಮಿಷ, ಅಷ್ಟರಲ್ಲಿ ಈರುಳ್ಳಿ ಹೆಚ್ಚಿಕೊಳ್ಳಿ’ ಎಂದು ಇನ್ನೊಬ್ಬರು ಹೇಳಲೇಬೇಕು. ಫ್ರಿಜ್ಜಿನ ಬಾಗಿಲು ತೆರೆದರೆ ಡಬ್ಬಿ ಡಬ್ಬಿಗೂ ಕಾಗದದ ಅಂಟುಪಟ್ಟಿ, ಅದರ ಮೇಲೆ ಹೆಸರು, ತಾರೀಖು. ಮೊಸರಿಗೂ ಹೆಸರಿದೆ, ಅರ್ಧ ಹೆಚ್ಚಿದ ನಿಂಬೆಹಣ್ಣಿಗೂ ಹೆಸರಿದೆ. ಎಲ್ಲಕ್ಕಿಂತ ಕೆಳಗಿನ ಅಥವಾ ಎಲ್ಲಕ್ಕಿಂತ ಮೇಲಿನ ಒಂದು ಖಾನೆ ಮಾತ್ರ ಹೆಸರಿಲ್ಲದ್ದು. ಮನೆ ಬಿಟ್ಟು ಹೋಗುವವರು ಉಳಿದ ಎಣ್ಣೆ, ಬೆಣ್ಣೆ, ಸಾಸಿವೆಯ ಬಾಟಲಿ, ಮುಗಿಯದ ಅಕ್ಕಿಯ ಚೀಲ ಇವನ್ನೆಲ್ಲ ಅಲ್ಲಿಯೂ ಅದರ ಪಕ್ಕದ ಕಪಾಟಿನಲ್ಲಿಯೂ ಬಿಟ್ಟು ಹೋಗುತ್ತಾರೆ. ಯಾರಾದರೂ ತೆಗೆದುಕೊಳ್ಳಬಹುದು. ಹೊಸದಾಗಿ ಬಂದವರ ಮೊದಲ ರಾತ್ರಿಯ ಊಟಕ್ಕೆ ಉಪ್ಪು, ಎಣ್ಣೆ ಬರುವುದು ತಾವೆಂದೂ ಕಾಣದವರ ಕೈಯಿಂದ. ಇಡೀ ಮನೆಯಲ್ಲಿ ನನಗೆ ಅತ್ಯಂತ ಅರ್ಥವುಳ್ಳದ್ದಾಗಿ ಕಂಡದ್ದು ಈ ಹೆಸರಿಲ್ಲದ ಖಾನೆ. ಬಾಡಿಗೆಯ ಕರಾರಿನಲ್ಲಿ ಅದರ ಪ್ರಸ್ತಾಪವಿಲ್ಲ. ಅದನ್ನು ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ.

ಇಲ್ಲಿಂದ ನನ್ನ ವಾದ ಹೊರಡುತ್ತದೆ. ಒಂದೇ ಸೂರಿನ ಕೆಳಗೆ ಇದ್ದಷ್ಟಕ್ಕೆ ಕೂಡುಬಾಳ್ವೆ ಹುಟ್ಟುವುದಿಲ್ಲ. ಎಲ್ಲರಿಗೂ ಬೇಕಾದ, ಆದರೆ ಎಲ್ಲರಿಗೂ ಒಟ್ಟಿಗೆ ಸಾಲದ ಒಂದು ವಸ್ತುವನ್ನು ಸರದಿ ಮಾಡಿ ಬಳಸಬೇಕಾಗಿ ಬಂದಾಗ, ಪಡೆದದ್ದಕ್ಕೆ ಮುಯ್ಯಿ ತೀರಿಸುವ ಹೊಣೆ ಹೆಗಲಿಗೆ ಬಿದ್ದಾಗ, ಅದು ಹುಟ್ಟುತ್ತದೆ. ಕೋಲಿವಿಂಗ್ ಉದ್ಯಮ ಮಾಡುವುದು ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾದದ್ದನ್ನು. ಪಾತ್ರೆ ತೊಳೆಯಲು ಯಂತ್ರ, ಕೋಣೆ ಗುಡಿಸಲು ಆಳು, ಕೋಣೆಗೊಂದು ಬಚ್ಚಲು, ಬೆಲೆ ಏರಿದ ಹಾಗೆ ಕೋಣೆಗೊಂದು ಪುಟ್ಟ ಒಲೆ, ಪುಟ್ಟ ಫ್ರಿಜ್ಜು. ಒಂದೊಂದು ಸೌಲಭ್ಯ ಬಂದಂತೆಲ್ಲ ಇನ್ನೊಬ್ಬರನ್ನು ಕೇಳಬೇಕಾದ ಒಂದೊಂದು ಸಂದರ್ಭ ತಪ್ಪಿಹೋಗುತ್ತದೆ. ಹಾಗೆ ತಪ್ಪಿಸಿದ ಮೇಲೆ ಉಳಿಯುವ ಒಂಟಿತನಕ್ಕೆ ಮದ್ದಾಗಿ ಶುಕ್ರವಾರದ ಕೂಟ, ಭಾನುವಾರದ ಚಾರಣ, ‘ಕಮ್ಯುನಿಟಿ ಮ್ಯಾನೇಜರ್’ ಎಂಬ ಸಂಬಳದ ಹುದ್ದೆ. ತಾನಾಗಿ ಆಗಬೇಕಿದ್ದದ್ದನ್ನು ತಡೆದು, ಆಮೇಲೆ ಅದನ್ನೇ ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿಸಿ ಕೊಟ್ಟಂತಾಗುತ್ತದೆ. ಹೋಲಿಕೆಗೆ ಡೆನ್ಮಾರ್ಕಿನ ಕಡೆ ನೋಡಬಹುದು. ಅಲ್ಲಿ 1972ರಲ್ಲಿ ಸೆಟ್ಟೆಡಾಮೆನ್ ಎಂಬಲ್ಲಿ ಕುಟುಂಬಗಳು ಕೂಡಿ ಕಟ್ಟಿಕೊಂಡ ಬಡಾವಣೆಯಿಂದ ಒಂದು ದೊಡ್ಡ ಪದ್ಧತಿಯೇ ಬೆಳೆಯಿತು. ಅಂಥ ಬಡಾವಣೆಗಳಲ್ಲಿ ಪ್ರತಿ ಕುಟುಂಬಕ್ಕೂ ಸ್ವಂತ ಮನೆ, ಸ್ವಂತ ಅಡುಗೆಮನೆ ಇರುತ್ತದೆ. ಅದರ ಜೊತೆಗೆ ಎಲ್ಲರಿಗೂ ಸೇರಿದ ಒಂದು ಊಟದ ಮನೆ. ಅಲ್ಲಿ ದೊಡ್ಡವರೆಲ್ಲ ಸರದಿಯ ಮೇಲೆ ಎಲ್ಲರಿಗೂ ಅಡುಗೆ ಮಾಡಬೇಕು. ತಿಂಗಳಲ್ಲಿ ಒಂದೆರಡು ದಿನ ಐವತ್ತು ಜನಕ್ಕೆ ಬೇಯಿಸಿ ಬಡಿಸುವವರಿಗೆ ಉಳಿದ ದಿನಗಳಲ್ಲಿ ಕೂತು ಉಣ್ಣುವ ಹಕ್ಕು ತಾನಾಗಿ ಬರುತ್ತದೆ. ಅದನ್ನು ನಡೆಸಲು ಮ್ಯಾನೇಜರ್ ಬೇಕಾಗುವುದಿಲ್ಲ.

ವಾರಕ್ಕೊಮ್ಮೆ ಕೂಡಿ ಉಣ್ಣುವ ರೂಢಿ ಮದೇರಾದ ಮನೆಗಳಲ್ಲೂ ಇದೆ. ಮೇಜಿನ ಮೇಲೆ ನಾಲ್ಕು ದೇಶದ ಅಡುಗೆಯ ನಡುವೆ ಊರಿನ ರೊಟ್ಟಿಯೂ ಬರುತ್ತದೆ. ಗೋಧಿ ಹಿಟ್ಟಿಗೆ ಬೇಯಿಸಿದ ಗೆಣಸು ಬೆರೆಸಿ, ಕಾದ ಕಪ್ಪು ಕಲ್ಲಿನ ಮೇಲೆ ಸುಟ್ಟು, ಬೆಳ್ಳುಳ್ಳಿ ಬೆಣ್ಣೆ ಸವರಿದ ‘ಬೊಲು ದು ಕಾಕು’. ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯ ಹಾಗೆ ಗಟ್ಟಿಯಾಗಿ ತೊಳಸಿ, ತಟ್ಟೆಗೆ ಸುರಿದು ಆರಿಸಿ, ಚೌಕ ಚೌಕ ಕತ್ತರಿಸಿ ಎಣ್ಣೆಯಲ್ಲಿ ಕರಿಯುವ ‘ಮಿಲ್ಯು ಫ್ರಿತು’ ಇನ್ನೊಂದು. ಹಳೇ ಮೈಸೂರಿನವರಿಗೆ ಅದರ ಹದ ನೋಡಿದೊಡನೆ ಗುರುತಾಗುತ್ತದೆ. ಆಳದ ಕಡಲಿನ ಕಪ್ಪು ಮೀನಿನ ಜೊತೆ ಕರಿದ ಬಾಳೆಹಣ್ಣು ಬಡಿಸುವುದು ಮಾತ್ರ ನಮ್ಮ ಕರಾವಳಿಯವರಿಗೂ ಹೊಸದು. ಊಟದ ಹೊತ್ತಿನ ಮಾತು ಮೂರು ಪ್ರಶ್ನೆಗಳಿಂದ ಶುರುವಾಗುತ್ತದೆ: ಯಾವ ದೇಶ, ಏನು ಕೆಲಸ, ಇಲ್ಲಿ ಎಷ್ಟು ದಿನ? ಮೂರನೆಯ ಪ್ರಶ್ನೆಯ ಉತ್ತರದ ಮೇಲೆ ಸ್ನೇಹದ ಆಳ ನಿಂತಿದೆ. ಎರಡು ವಾರ ಎಂದವರ ಜೊತೆ ಒಂದು ಬಗೆಯ ಮಾತು, ಮೂರು ತಿಂಗಳು ಎಂದವರ ಜೊತೆ ಇನ್ನೊಂದು ಬಗೆಯ ಮಾತು. ಇದು ಕೆಟ್ಟತನವಲ್ಲ, ಲೆಕ್ಕಾಚಾರವೂ ಅಲ್ಲ. ಮುಯ್ಯಿ ತೀರಿಸಲು ಸಮಯ ಬೇಕು ಎಂಬುದು ಮನಸ್ಸಿಗೆ ಗೊತ್ತಿರುತ್ತದೆ, ಅಷ್ಟೆ.

ನಮ್ಮಲ್ಲಿ ಪರಊರಿನಲ್ಲಿ ಇದ್ದು ಓದುವ, ದುಡಿಯುವ ಅನುಭವ ಹೊಸದಲ್ಲ. ವಾರಾನ್ನ ಉಂಡು ಓದಿದವರ ಆತ್ಮಕಥನಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹುಡುಗ ಉಂಡು, ಆ ಮನೆಯ ನೀರು ಸೇದಿ, ಅಂಗಡಿಗೆ ಓಡಿ, ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದ. ಆಮೇಲೆ ಬಂದ ಪ್ರಸಾದನಿಲಯಗಳಲ್ಲಿ, ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ, ಸಾವಿರಾರು ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ಅಂಗಳ ಗುಡಿಸಿ ಬೆಳೆದರು. ‘ಅನ್ನದ ಋಣ’ ಎಂಬ ಮಾತನ್ನು ಅಂಥವರು ಮುಪ್ಪಿನಲ್ಲೂ ಗಂಟಲು ತುಂಬಿ ಆಡುತ್ತಾರೆ. ಬೆಂಗಳೂರಿನ ಪೀಜಿಯಲ್ಲಿ ಐದು ವರ್ಷ ಉಂಡವರು ಆ ಮಾತು ಆಡುವುದು ಅಪರೂಪ. ಅಲ್ಲಿಯ ಅನ್ನ ಕೆಟ್ಟದ್ದೆಂದಲ್ಲ. ಆ ಋಣ ಪ್ರತಿ ತಿಂಗಳ ಒಂದನೇ ತಾರೀಖಿಗೇ ಚುಕ್ತಾ ಆಗಿಹೋಗಿರುತ್ತದೆ.

ಮದೇರಾದಲ್ಲಿ ಈ ಯೋಚನೆಗೆ ಆಧಾರ ಸಿಗುವುದು ಮನೆಯಿಂದ ಅರ್ಧ ಗಂಟೆ ಗುಡ್ಡ ಹತ್ತಿದರೆ. ದ್ವೀಪದ ಉತ್ತರಕ್ಕೆ ಮಳೆ, ದಕ್ಷಿಣಕ್ಕೆ ಬಿಸಿಲು. ಬೆಳೆ ತೆಗೆಯಬಹುದಾದ ಕಡೆ ನೀರಿಲ್ಲ, ನೀರಿರುವ ಕಡೆ ಬೆಳೆಗೆ ಬಿಸಿಲಿಲ್ಲ. ಹದಿನೈದನೆಯ ಶತಮಾನದಲ್ಲಿ ಕಬ್ಬು ನೆಟ್ಟ ಕಾಲದಿಂದಲೂ ಜನ ಬಂಡೆಯ ಮೈ ಕೊರೆದು ಸಣ್ಣ ಕಾಲುವೆಗಳಲ್ಲಿ ನೀರು ತಂದರು. ‘ಲೆವಾದಾ’ ಎಂಬ ಈ ಕಾಲುವೆಗಳ ಉದ್ದ ಇಂದು ಒಟ್ಟು ಸಾವಿರ ಕಿಲೋಮೀಟರಿಗೂ ಮಿಕ್ಕಿದೆ. ಇಡೀ ದ್ವೀಪದ ಉದ್ದ ಅರವತ್ತು ಕಿಲೋಮೀಟರೂ ಇಲ್ಲ. ಪೊಂಟಾ ದು ಸೊಲ್‌ನ ಮೇಲಿನ ಲೊಂಬಾದಾ ಎಂಬ ಹಳ್ಳಿಯಲ್ಲಿ ಗಿರಣಿಯ ಕಾಲುವೆ ಎಂಬ ಅರ್ಥದ ‘ಲೆವಾದಾ ದು ಮೊಯಿನ್ಯು’ ಹರಿಯುತ್ತದೆ. ನೀರು ಹೆಜ್ಜೆಯ ಪಕ್ಕದಲ್ಲೇ ಸದ್ದಿಲ್ಲದೆ ಸಾಗುತ್ತದೆ. ತೋಟಕ್ಕೊಂದು ಕಡೆ ಕಾಲುವೆಯ ಗೋಡೆಯಲ್ಲಿ ಸಣ್ಣ ಕಿಂಡಿ, ಅದಕ್ಕೊಂದು ಅಡ್ಡ ತಗಡು. ತಗಡು ಎತ್ತಿದರೆ ನೀರು ಆ ತೋಟಕ್ಕೆ, ಇಳಿಸಿದರೆ ಮುಂದಿನವರಿಗೆ. ಯಾರಿಗೆ ಯಾವ ದಿನ ಎಷ್ಟು ಹೊತ್ತು ಎಂಬುದು ಗಂಟೆ ನಿಮಿಷಗಳ ಲೆಕ್ಕದಲ್ಲಿ ಗೊತ್ತಾಗಿರುತ್ತದೆ. ಸರದಿ ನಡುರಾತ್ರಿ ಬಂದರೆ ನಡುರಾತ್ರಿಯೇ ಗುದ್ದಲಿ ಹಿಡಿದು ತೋಟಕ್ಕೆ ಹೋಗಬೇಕು. ಕಾಲುವೆ ಕಾಯುವ, ಕಸ ತೆಗೆಯುವ, ಹೊತ್ತಿಗೆ ಸರಿಯಾಗಿ ನೀರು ತಿರುಗಿಸುವ ಮನುಷ್ಯನಿಗೆ ‘ಲೆವಾದೇರೊ’ ಎಂದು ಹೆಸರು. ಶನಿವಾರ ಭಾನುವಾರ ಲ್ಯಾಪ್‌ಟಾಪ್ ಮುಚ್ಚಿ ಚಾರಣಕ್ಕೆ ಬರುವವರು ನಡೆಯುವ ಆ ಚೆಂದದ ಕಿರುದಾರಿ ಅಸಲಿಗೆ ಚಾರಣದ ದಾರಿಯಲ್ಲ. ಲೆವಾದೇರೊ ತನ್ನ ಕೆಲಸಕ್ಕೆ ಓಡಾಡಲು ಮಾಡಿಕೊಂಡದ್ದು.

ಕೋಲಾರ, ತುಮಕೂರು ಸೀಮೆಯವರಿಗೆ ಈ ಮನುಷ್ಯನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅವನು ನಮ್ಮ ನೀರುಗಂಟಿ. ಕೆರೆಯ ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಎಂದು ನೋಡಿ ನೀರು ಬಿಡುವುದು, ಕೆರೆ ಬತ್ತಿದ ವರ್ಷ ಇದ್ದಷ್ಟರಲ್ಲೇ ಎಲ್ಲರಿಗೂ ಮುಟ್ಟಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪ್ರತಿ ರೈತನೂ ಅವನ ಪಾಲಿನ ಧಾನ್ಯ ಅಳೆದು ಕೊಡಬೇಕು. ನಾಟಿಗೆ, ಕುಯ್ಲಿಗೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು ತೀರಿಸುವ ಮುಯ್ಯಾಳು ಪದ್ಧತಿಯೂ ಇದೇ ಲೋಕದ್ದು. ಲೊಂಬಾದಾದವರಿಗೆ ಈ ಸರದಿ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿದೆ. 1962ರಲ್ಲಿ, ಪೋರ್ಚುಗಲ್ಲಿನಲ್ಲಿ ಸಲಜಾರ್ ಸರ್ವಾಧಿಕಾರ ನಡೆದಿದ್ದ ಕಾಲದಲ್ಲಿ, ಊರಿನ ಕಾಲುವೆಯ ನೀರನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಳ್ಳಲು ಹೊರಟಾಗ ಆ ಹಳ್ಳಿಯ ಜನ ಕಾಲುವೆಯ ಬಳಿ ಕಾವಲು ಕೂತರು. ಪೊಲೀಸರ ಕಾರ್ಯಾಚರಣೆಯಲ್ಲಿ ಊರಿನ ಒಬ್ಬಳು ಎಳೆಯ ಹುಡುಗಿ ಸತ್ತಳು. ತಮ್ಮ ಸರದಿಯನ್ನು ತಾವೇ ನಡೆಸಿಕೊಳ್ಳುತ್ತೇವೆ ಎಂದು ಹೇಳಿದ್ದಕ್ಕೆ ಆ ಹಳ್ಳಿ ತೆತ್ತ ಬೆಲೆ ಅದು. ಇಂದು ಅದೇ ಕಾಲುವೆಯ ಪಕ್ಕ ನಡೆದು ಹೋಗುವ ನೂರಾರು ಜನರಲ್ಲಿ ಇದು ಎಷ್ಟು ಮಂದಿಗೆ ಗೊತ್ತಿರುತ್ತದೆ ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಇಷ್ಟು ಹೇಳಿದೊಡನೆ ಬರುವ ಆಕ್ಷೇಪ ಸಣ್ಣದಲ್ಲ. ಹಳೆಯ ಹಂಚಿಕೆಯನ್ನು ಹೊಗಳುವವರು ಅದರೊಳಗಿನ ಏಣಿಯನ್ನು ಮರೆಯುತ್ತಾರೆ ಎಂಬುದು ಆ ಆಕ್ಷೇಪ. ನಿಜ. ಎಲ್ಲರಿಗೂ ನೀರು ಹಂಚುವ ನೀರುಗಂಟಿ ಬಹಳ ಕಡೆ ದಲಿತನಾಗಿದ್ದ, ನೀರು ಕುಡಿಯುವ ಬಾವಿಯಲ್ಲಿ ಅವನಿಗೆ ಸರದಿ ಇರಲಿಲ್ಲ. ವಾರಾನ್ನದ ಎಲೆ ಯಾವ ಜಾತಿಯ ಹುಡುಗನಿಗೆ ಹಾಕುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. ಮದೇರಾದ ಮೊದಲ ಕಾಲುವೆಗಳನ್ನು ಕೊರೆದವರಲ್ಲಿ ಗುಲಾಮರಿದ್ದರು, ಕೈದಿಗಳಿದ್ದರು. ಅಲ್ಲಿನ ಗೇಣಿ ಪದ್ಧತಿಯಲ್ಲಿ ಕಟ್ಟೆ ಕಟ್ಟಿದವನು ಒಬ್ಬ, ನೆಲದ ಒಡೆಯ ಇನ್ನೊಬ್ಬ. ಅದು ಕಾನೂನಿನಲ್ಲಿ ಕೊನೆಗೊಂಡದ್ದು 1977ರಲ್ಲಿ. ಈ ಕಾರಣಕ್ಕೇ ನನ್ನ ವಾದವನ್ನು ಹಳೆಯ ಕಾಲಕ್ಕೆ ಮರಳುವ ಆಸೆ ಎಂದು ಓದಬಾರದು. ಹಳೆಯ ವ್ಯವಸ್ಥೆಯಲ್ಲಿ ಕೆಟ್ಟದ್ದಾಗಿದ್ದದ್ದು ಸರದಿಯಲ್ಲ, ಸರದಿಯಿಂದ ಕೆಲವರನ್ನು ಹೊರಗಿಟ್ಟದ್ದು. ಬಾವಿಯ ಮೆಟ್ಟಿಲು ಹತ್ತಿದವರು, ಕೆರೆಯ ನೀರು ಮುಟ್ಟಿದವರು ಕೇಳಿದ್ದು ಸರದಿಯಲ್ಲಿ ತಮ್ಮ ಪಾಲನ್ನೇ. ಹಣ ಕೊಟ್ಟು ಸರದಿಯನ್ನೇ ಅಳಿಸಿಹಾಕುವುದು ಆ ಬೇಡಿಕೆಗೆ ಉತ್ತರವಾಗುವುದಿಲ್ಲ. ಆಗ ಹಣವಿಲ್ಲದವರು ಹೊರಗುಳಿಯುತ್ತಾರೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ, ಅದನ್ನು ಎತ್ತುವವರಲ್ಲಿ ಹೆಣ್ಣುಮಕ್ಕಳು ಹೆಚ್ಚು. ಮನೆಯಿಂದ, ನೆರೆಯವರ ಕಣ್ಣಿನಿಂದ, ರಾತ್ರಿ ಒಂಬತ್ತೂವರೆಗೆ ಗೇಟು ಮುಚ್ಚುವ ಪೀಜಿಯಿಂದ ಬಿಡಿಸಿಕೊಂಡು ಬಂದವರಿಗೆ ಕೋಲಿವಿಂಗ್ ಮನೆ ಕೊಡುವುದು ಸ್ವಂತ ಚಾವಿಯನ್ನು. ಯಾರಿಗೂ ಹೇಳದೆ ಹೊರಗೆ ಹೋಗಬಹುದು, ಯಾರಿಗೂ ಕಾರಣ ಕೊಡದೆ ಒಳಗೆ ಬರಬಹುದು. ಋಣವಿಲ್ಲದ ಬದುಕೇ ಅವರು ಹುಡುಕಿಕೊಂಡು ಬಂದದ್ದು. ಮತ್ತೆ ಋಣದ ಮಾತೇಕೆ ಎಂದು ಅವರು ಕೇಳಿದರೆ ತಪ್ಪಿಲ್ಲ. ಚಾವಿ ಎಂಬ ನಮ್ಮ ಮಾತು ಪೋರ್ಚುಗೀಸರ ‘ಶಾವಿ’ಯಿಂದ ಬಂದದ್ದು, ಪಗಾರ ಅವರ ‘ಪಗಾರ್’ನಿಂದ. ಬಸರೂರು, ಹೊನ್ನಾವರ, ಮಂಗಳೂರುಗಳಲ್ಲಿ ಕೋಟೆ ಕಟ್ಟಿ ಕೂತಿದ್ದವರ ನುಡಿ ಗೋವೆಯ ದಾರಿ, ಕೊಂಕಣಿ, ಮರಾಠಿಗಳ ದಾರಿ ಹಿಡಿದು ನಮ್ಮ ಮನೆಯೊಳಗೆ ಬಂದು ಕೂತಿದೆ. ಸ್ವಂತ ಪಗಾರ, ಸ್ವಂತ ಚಾವಿ: ಒಬ್ಬ ಹೆಣ್ಣುಮಗಳ ಬದುಕಿನಲ್ಲಿ ಈ ಎರಡು ಎಷ್ಟು ದೊಡ್ಡವು ಎಂಬುದನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ಆದರೆ ಇಲ್ಲಿ ಎರಡು ಬಗೆಯ ಹೊಣೆಗಳನ್ನು ಬೇರೆ ಮಾಡಿ ನೋಡಬೇಕು. ಎಷ್ಟು ಹೊತ್ತಿಗೆ ಬಂದೆ, ಯಾರ ಜೊತೆ ಬಂದೆ ಎಂದು ಲೆಕ್ಕ ಕೇಳುವುದು ಕಾವಲು. ಸಿಂಕಿನಲ್ಲಿ ಪಾತ್ರೆ ಬಿಟ್ಟು ಹೋಗಬೇಡ, ನಾಳೆ ನಿನ್ನ ಸರದಿ ಎನ್ನುವುದು ಹೊಣೆ. ಮೊದಲನೆಯದು ಹೆಣ್ಣಿನ ಮೇಲೆ ಮಾತ್ರ ಬೀಳುತ್ತದೆ, ಎರಡನೆಯದು ಎಲ್ಲರ ಮೇಲೂ ಸಮವಾಗಿ ಬೀಳಬೇಕು. ಎಷ್ಟೋ ಮನೆಗಳಲ್ಲಿ ಕಾವಲೂ ಪಾತ್ರೆಯೂ ಎರಡೂ ಅವಳ ಪಾಲಿಗೇ ಬಂದಿದ್ದರಿಂದ ಅವೆರಡೂ ಒಂದೇ ಎನ್ನಿಸಿರಬಹುದು. ಗಂಡಸರೂ ಸರದಿಯ ಮೇಲೆ ಪಾತ್ರೆ ತೊಳೆಯುವ ಮನೆ ನಮ್ಮಲ್ಲಿ ಎಷ್ಟು ಕಡೆ ಇದೆ? ಸರದಿಯ ಪಟ್ಟಿ ಗೋಡೆಗೆ ಅಂಟಿಸಿ ಎಲ್ಲರೂ ಅದರಂತೆ ನಡೆಯುವ ಮನೆಯಲ್ಲಿ ಅವಳ ಚಾವಿ ಅವಳ ಕೈಯಲ್ಲೇ ಇರುತ್ತದೆ.

ಮನೆಯ ಒಳಗಿನ ಈ ಪ್ರಶ್ನೆ ಮನೆಯ ಹೊರಗೆ, ಊರಿನ ಮಟ್ಟದಲ್ಲಿ, ಇನ್ನಷ್ಟು ತೀಕ್ಷ್ಣವಾಗುತ್ತದೆ. 2022ರ ಅಕ್ಟೋಬರ್ ಕೊನೆಯಲ್ಲಿ ಪೋರ್ಚುಗಲ್ ದೂರದಿಂದ ದುಡಿಯುವವರಿಗೆಂದು ಪ್ರತ್ಯೇಕ ವೀಸಾ ತಂದಿತು. ಅದು ಬೇಕಾದರೆ ಆ ದೇಶದ ಕನಿಷ್ಠ ವೇತನದ ನಾಲ್ಕು ಪಟ್ಟಾದರೂ ವರಮಾನ ತೋರಿಸಬೇಕು. ಅಂದರೆ ಬಾಳೆತೋಟದಲ್ಲಿ, ಬೇಕರಿಯಲ್ಲಿ ಕನಿಷ್ಠ ವೇತನಕ್ಕೆ ದುಡಿಯುವ ಒಬ್ಬರ ಎದುರಿಗೆ ಅದರ ನಾಲ್ಕರಷ್ಟು ತರುವ ಒಬ್ಬರನ್ನು ಒಂದೇ ಮನೆಯ ಬಾಡಿಗೆಗೆ ಪೈಪೋಟಿಗೆ ನಿಲ್ಲಿಸಿದ ಹಾಗೆ. ದ್ವೀಪದಲ್ಲಿ ಮನೆ ಬಾಡಿಗೆ ಏರಿದ್ದಕ್ಕೆ ಇವರೊಬ್ಬರೇ ಕಾರಣರಲ್ಲ. ಪ್ರವಾಸೋದ್ಯಮವಿದೆ, ರಜೆಗೆಂದು ಮನೆ ಕೊಳ್ಳುವ ಹೊರಗಿನ ಸಿರಿವಂತರಿದ್ದಾರೆ, ಕಟ್ಟಲು ಜಾಗವಿಲ್ಲದ ಕಡಿದಾದ ನೆಲವಿದೆ. ಹಾಗಿದ್ದರೂ ವಾಸದ ಮನೆ ಎಂಬುದು ಅಲ್ಲಿ ವೈಫೈಯಂಥ ವಸ್ತುವಲ್ಲ, ಕಾಲುವೆಯ ನೀರಿನಂಥದ್ದು. ಒಬ್ಬರು ತೆಗೆದುಕೊಂಡಷ್ಟು ಇನ್ನೊಬ್ಬರಿಗೆ ಕಡಿಮೆ. ನೀರಿಗೆ ಆ ಊರು ಸರದಿ ಮಾಡಿಕೊಂಡಿತು, ಮನೆಗೆ ಇನ್ನೂ ಮಾಡಿಕೊಂಡಿಲ್ಲ.

ಮದೇರಾದವರೇ ಲೋಕವೆಲ್ಲ ಅಲೆದವರಲ್ಲವೇ, ಬಂದವರನ್ನು ಅವರು ಹೇಗೆ ದೂರುತ್ತಾರೆ ಎಂದು ಕೇಳುವವರಿದ್ದಾರೆ. ಅಲೆದದ್ದು ನಿಜ. ವೆನೆಜುವೆಲಾ, ದಕ್ಷಿಣ ಆಫ್ರಿಕಾಗಳಲ್ಲಿ ಇಂದಿಗೂ ದೊಡ್ಡ ಮದೇರಾ ಸಮುದಾಯಗಳಿವೆ. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಹವಾಯಿಗೆ ಹೋದವರು ತಮ್ಮೊಡನೆ ಒಯ್ದ ಪುಟ್ಟ ತಂತಿವಾದ್ಯದಿಂದಲೇ ಅಲ್ಲಿ ಯುಕುಲೆಲೆ ಹುಟ್ಟಿತು. ಆದರೆ ಅವರು ಹೋದದ್ದು ಕಬ್ಬಿನ ತೋಟಕ್ಕೆ ಕರಾರು ಬರೆದುಕೊಟ್ಟು. ದುಡಿದದ್ದು ಹೋದ ಊರಿನ ನೆಲದಲ್ಲಿ, ಅಲ್ಲಿನ ಕೂಲಿಗೆ, ಅಲ್ಲಿನವರ ಮಾತು ಕಲಿತು. ಡಾಸ್ ಪಾಸೋಸರ ಅಜ್ಜನೂ ಹಾಗೆಯೇ ಹೋಗಿ ಅಲ್ಲಿಯವನಾದವನು. ಪಗಾರ ಒಂದು ಲೋಕದ್ದು, ಚಾವಿ ಇನ್ನೊಂದು ಲೋಕದ್ದು ಎಂಬ ಸ್ಥಿತಿ ಅವರಿಗಿರಲಿಲ್ಲ. ಬೆಂಗಳೂರಿನ ನಮಗೂ ಈ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ದೂರದ ಊರಿನ ಲೆಕ್ಕದಲ್ಲಿ ಬರುವ ಸಂಬಳ ಪಕ್ಕದ ಬೀದಿಯ ಬಾಡಿಗೆಯನ್ನು ಏನು ಮಾಡುತ್ತದೆ ಎಂಬುದನ್ನು ಈ ನಗರ ಮೂವತ್ತು ವರ್ಷಗಳಿಂದ ಕಂಡಿದೆ. ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರನ್ನು ಈಗ ಕಾಣುತ್ತಿದ್ದೇವೆ.

ಒಂದೆರಡು ತಿಂಗಳಿಗೆ ಬಂದು ಹೋಗುವವರು ಊರಿನ ಯಾವ ಸರದಿಯಲ್ಲಿ ನಿಲ್ಲಬಲ್ಲರು ಎಂಬ ಕೊನೆಯ ಪ್ರಶ್ನೆ ಉಳಿಯುತ್ತದೆ. ನಿಲ್ಲಬಲ್ಲರು ಎಂದೇ ನನ್ನ ನಂಬಿಕೆ, ಏಕೆಂದರೆ ಮನೆಯೊಳಗೆ ಅವರು ಆಗಲೇ ನಿಂತಿದ್ದಾರೆ. ಹೆಸರಿಲ್ಲದ ಖಾನೆಯಲ್ಲಿ ಉಪ್ಪು ಬಿಟ್ಟು ಹೋಗುವವರಿಗೆ ಅದರ ಮುಯ್ಯಿ ಮರಳಿ ಬರುವುದಿಲ್ಲವೆಂದು ಗೊತ್ತು. ಅವರು ತೀರಿಸುವುದು ತಮಗಿಂತ ಹಿಂದೆ ಹೋದವರ ಋಣವನ್ನು, ತೀರಿಸುವುದು ಮುಂದೆ ಬರುವವರಿಗೆ. ಈ ಅಭ್ಯಾಸ ಯಾರೂ ಹೇಳಿಕೊಡದೆ, ಬೇರೆ ಬೇರೆ ದೇಶದವರಲ್ಲಿ, ತಾನಾಗಿ ಬೆಳೆದದ್ದು. ಅದು ಅಡುಗೆಮನೆಯ ಹೊಸ್ತಿಲು ದಾಟಿ ಬೀದಿಗೆ ಬರಬೇಕಾದರೆ ಊರು ಕೇಳಬೇಕು, ಮನೆ ನಡೆಸುವವರು ದಾರಿ ಮಾಡಬೇಕು. ಕಾಲುವೆಯ ಹೂಳು ತೆಗೆಯುವ ದಿನ ಲೆವಾದೇರೊನ ಹಿಂದೆ ಗುದ್ದಲಿ ಹಿಡಿದು ಹೋಗುವುದು, ಊರಿನ ಶಾಲೆಯಲ್ಲಿ ವಾರಕ್ಕೊಂದು ಗಂಟೆ ತನಗೆ ಗೊತ್ತಿರುವುದನ್ನು ಹೇಳಿಕೊಡುವುದು, ಊರಿನವರಿಗೆ ಬಾಡಿಗೆಗೆ ಸಿಗಬೇಕಾದ ಮನೆಗಳ ಸಂಖ್ಯೆಯನ್ನು ಪಂಚಾಯಿತಿಯೇ ಗೊತ್ತುಮಾಡಿ ಉಳಿದದ್ದನ್ನು ಮಾತ್ರ ಹೊರಗಿನವರಿಗೆ ಬಿಡುವುದು. ಇದರಲ್ಲಿ ಕೊನೆಯದು ಅತಿಥಿಗಳ ಕೈಯಲ್ಲಿಲ್ಲ. ಆದರೆ ಹಾಗೆ ಗೊತ್ತುಮಾಡಿದಾಗ ಗೊಣಗದೆ ಒಪ್ಪುವುದು ಅವರ ಕೈಯಲ್ಲಿದೆ.

ಹೊರಡುವ ಬೆಳಿಗ್ಗೆ ಅಂಥ ಮನೆಗಳಲ್ಲಿ ಚಾವಿ ತೆಗೆದುಕೊಳ್ಳಲು ಯಾರೂ ಬರುವುದಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ನಂಬರ್ ಬೀಗದ ಸಣ್ಣ ಪೆಟ್ಟಿಗೆ ಇರುತ್ತದೆ. ಚಾವಿಯನ್ನು ಅದರೊಳಗೆ ಇಟ್ಟು ಮುಚ್ಚಿದರೆ ಆಯಿತು. ಅದಕ್ಕೂ ಮೊದಲು ಒಂದು ಕೆಲಸ ಬಾಕಿ ಇರುತ್ತದೆ. ಫ್ರಿಜ್ಜಿನಿಂದ ತನ್ನ ಹೆಸರಿನ ಡಬ್ಬಿಗಳನ್ನು ತೆಗೆದು, ಅಂಟುಪಟ್ಟಿಗಳನ್ನು ಉಗುರಿನಿಂದ ಕೆರೆದು ಕಿತ್ತು, ಒಳಗಿದ್ದದ್ದನ್ನು ಹೆಸರಿಲ್ಲದ ಖಾನೆಗೆ ಸರಿಸುವುದು. ಅರ್ಧ ಬಾಟಲಿ ಎಣ್ಣೆ, ಒಂದು ಪೊಟ್ಟಣ ಉಪ್ಪು, ಊರಿನಿಂದ ತಂದು ಮುಗಿಯದೆ ಉಳಿದ ಸಾರಿನ ಪುಡಿ. ಸಾರಿನ ಪುಡಿಯನ್ನು ಹೇಗೆ ಬಳಸಬೇಕೆಂದು ಮುಂದೆ ಬರುವವರಿಗೆ ಗೊತ್ತಿರಲಾರದು. ಹಾಗಾಗಿ ಒಂದು ಚೀಟಿ ಬೇಕಾಗುತ್ತದೆ: ಬೇಳೆ ಬೇಯಿಸಿಕೊಳ್ಳಿ, ಹುಣಸೆ ಇಲ್ಲದಿದ್ದರೆ ಟೊಮೇಟೊ ಹಾಕಿ, ಇಷ್ಟು ನೀರಿಗೆ ಎರಡು ಚಮಚ.